ಹೆಸರು ಬಿಟ್ಟರೆ ಗುರುತು ಮುಚ್ಚಿದ ಹಾಗೆಯೇ?

ಉಡುಪಿ ಬದಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಸ್ಟಾಫ್ ರೂಮಿಗೆ ಬಂದ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣದ ಸುದ್ದಿ ಇತ್ತು. ಬಾಲಕಿಯ ಹೆಸರಿಲ್ಲ. ಆದರೆ ಊರಿದೆ, ಎಂಟನೇ ತರಗತಿ ಅಂತಿದೆ, ತಂದೆ ಬೋಟಿಗೆ ಹೋಗುವವರು ಅಂತಿದೆ, ಆರೋಪಿ ಚಿಕ್ಕಪ್ಪನ ಪೂರ್ತಿ ಹೆಸರಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಒಂಬತ್ತನೇ ಕ್ಲಾಸಿನವರ ಬಾಯಲ್ಲಿ ಅವಳ ಹೆಸರು ಓಡಾಡುತ್ತಿತ್ತು.

ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಫೋಟೊ ಮಾತ್ರವಲ್ಲ, ಮನೆಯವರ ವಿವರ, ಶಾಲೆ, ನೆರೆಕರೆ ಯಾವುದನ್ನೂ ಹಾಕಬಾರದು ಎನ್ನುತ್ತದೆ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. ಇದು 2012ರ ಕಾನೂನು.

ಪೇಪರು ಕೈ ಬದಲಾಗುವಾಗ ಒಬ್ಬರು ಕೇಳಿದ್ದು, "ಅವ ಯಾವ ಜನವಂತೆ?" ನನಗೆ ಸಿಟ್ಟು ಬಂದದ್ದು ಅಲ್ಲಿ. ಕರಾವಳಿಯಲ್ಲಿ ಆರೋಪಿಯ ಜಾತಿ-ಧರ್ಮ ಯಾವುದು ಎಂಬ ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಸುದ್ದಿ ದೊಡ್ಡದೋ ಸಣ್ಣದೋ ಅಂತ ತೀರ್ಮಾನ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ವರದಿ ತೆಗೆದು ನೋಡಿ: ಮಕ್ಕಳ ಮೇಲಿನ ಅತ್ಯಾಚಾರದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಯದವನೇ.

ಹೊರದೇಶದಲ್ಲೂ ಇದೇ ಕತೆ. ಇಂಗ್ಲೆಂಡಿನ ರಾದರ್‌ಹ್ಯಾಮ್‌ನಲ್ಲಿ 1997ರಿಂದ 2013ರ ತನಕ ಕಡಿಮೆಯೆಂದರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರ ತನಿಖಾ ವರದಿ ಅಂದಾಜಿಸಿತು. ಆರೋಪಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು. ವರ್ಣದ್ವೇಷಿ ಅನ್ನಿಸಿಕೊಳ್ಳುವ ಹೆದರಿಕೆಯಿಂದ ಅಲ್ಲಿನ ಸ್ಥಳೀಯ ಆಡಳಿತದ ಕೆಲವು ಸಿಬ್ಬಂದಿ ಅದನ್ನು ಹೇಳಲು ಹಿಂಜರಿದರು. ಹಾಗೆ ಮುಚ್ಚಿಟ್ಟದ್ದು ಅನ್ಯಾಯವೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ದೂರು ಕೊಟ್ಟ ಎಷ್ಟೋ ಹುಡುಗಿಯರನ್ನು ಪೊಲೀಸರು ತಾತ್ಸಾರದಿಂದ ಕಂಡರು. ಜನಾಂಗದ ಜಗಳದಷ್ಟು ಚರ್ಚೆ ಇದಕ್ಕೆ ಸಿಗಲಿಲ್ಲ.

2011ರಲ್ಲಿ ನಾರ್ವೆಯಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ವಶಕ್ಕೆ ತೆಗೆದುಕೊಂಡಾಗ ನಮ್ಮ ಚಾನೆಲ್‌ಗಳು "ಕೈತುತ್ತು ಕೊಟ್ಟದ್ದಕ್ಕೆ ಮಕ್ಕಳನ್ನು ಕಿತ್ತುಕೊಂಡರು" ಎಂದವು. ಗೋಪ್ಯತೆಯ ನಿಯಮ ಇದ್ದುದರಿಂದ ಅಲ್ಲಿನ ಅಧಿಕಾರಿಗಳು ಬಾಯಿಬಿಡುವಂತಿರಲಿಲ್ಲ. ಆ ತಾಯಿಗೆ ಮಕ್ಕಳು ಮರಳಿ ಸಿಕ್ಕಿದ್ದು ನನಗೂ ಸಂತೋಷ. ಆದರೆ ಎರಡು ದೇಶಗಳ ಸಂಸ್ಕೃತಿ ಜಗಳದಲ್ಲಿ ಆ ಪುಟ್ಟ ಮಕ್ಕಳ ಫೋಟೊ, ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಆ ಪೇಪರಿನ ಸಂಪಾದಕರಿಗೆ ಪತ್ರ ಬರೆದಿದ್ದೇನೆ. ಆರೋಪಿ ಮನೆಯವನೇ ಆಗಿದ್ದರೆ ಅವನ ಹೆಸರನ್ನೂ ಬಿಡಿ, ಊರಿನ ಬದಲು ತಾಲೂಕು ಅಂತ ಮಾತ್ರ ಹಾಕಿ, ಸುದ್ದಿಯ ಕೆಳಗೆ ಮಕ್ಕಳ ಸಹಾಯವಾಣಿ 1098 ಅಚ್ಚು ಮಾಡಿ ಎಂದು ಕೇಳಿದ್ದೇನೆ. ಉತ್ತರ ಬಾರದಿದ್ದರೆ ಆಫೀಸಿಗೇ ಹೋಗುವವಳಿದ್ದೇನೆ.