ಒಂದು ತಲೆ ಜಾಸ್ತಿ

ಡಿಸೆಂಬರ್ 14, 2025, ಭಾನುವಾರ
ಕೋಲಾರ

ಬೆಳಗ್ಗೆ ಅತ್ತಿಗೆ ಬಂದರು. ಕೈಯಲ್ಲಿ ನಾನು ಓದೋಕೆ ಕೊಟ್ಟಿದ್ದ ಹಾಳೆಗಳ ಕಟ್ಟು, ಮೂರು ಕಡೆ ಮೂಲೆ ಮಡಚಿತ್ತು. ನಾನು ರಾತ್ರಿ ನೆನೆಹಾಕಿದ್ದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಅವರೂ ಒಂದು ಬಟ್ಟಲು ಎಳೆದುಕೊಂಡರು. ಐದು ನಿಮಿಷ ಮಾತಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದರು. "ಎಂತ ಮಾರಾಯ್ತಿ, ಜುಲೈ ತಿಂಗಳಲ್ಲಿ ಬೋಟ್ ಕಡಲಿಗೆ ಬಿಟ್ಟಿದ್ದೀಯಲ್ಲ?"

ಒಂದು ವರ್ಷದಿಂದ ಬರೆಯುತ್ತಿರುವ ಮೂರು ನೀಳ್ಗತೆಗಳು ಇವು. ಮೂರೂ ದೆವ್ವದ ಕಥೆಗಳು. ಮೂರೂ ಕರಾವಳಿಯ ಒಂದೇ ಸಣ್ಣ ಊರಲ್ಲಿ ನಡೆಯುತ್ತವೆ. ಊರಿಗೆ ಹೆಸರಿಟ್ಟಿಲ್ಲ. ಅತ್ತಿಗೆ ಕುಂದಾಪುರದ ಕಡೆಯವರು, ಅದಕ್ಕೇ ಮೊದಲು ಅವರಿಗೆ ಕೊಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಮೀನಿಗೆ ಹೋಗುವಂತಿಲ್ಲ. ನಾಡದೋಣಿಗಳು ಮಾತ್ರ ಹೋಗುತ್ತವೆ. ಇದು ಅಲ್ಲಿನ ಮಗುವಿಗೂ ಗೊತ್ತು. ನಾನು ಮಾತ್ರ ಜೋರು ಮಳೆ, ಗಾಳಿ, ನಡು ಕಡಲಲ್ಲಿ ಒಂದೇ ಒಂದು ಬೋಟ್ ಅಂತ ಎರಡನೇ ಕಥೆ ಶುರು ಮಾಡಿದ್ದೆ.

"ಹಾಗಾದರೆ ಆ ಎರಡು ತಿಂಗಳು ಊರು ಹೇಗಿರುತ್ತೆ ಅತ್ತಿಗೆ?"

"ಬೋಟೆಲ್ಲ ಒಂದಕ್ಕೊಂದು ಕಟ್ಟಿ ಹೊಳೆಯಲ್ಲಿ ನಿಲ್ಲಿಸಿರ್ತಾರೆ. ಹೊರಗಿಂದ ಬಂದ ಕೆಲಸದವರು ಊರಿಗೆ ಹೋಗಿರ್ತಾರೆ. ಐಸ್ ಪ್ಲಾಂಟಿಗೂ ಕೆಲಸ ಇಲ್ಲ. ಇಂಜಿನ್ ಶಬ್ದ ಇಲ್ಲ. ಬರೀ ಕಡಲಿನ ಶಬ್ದ. ರಾತ್ರಿ ಅದು ಮನೆ ಒಳಗೇ ಬಂದು ಕೂತ ಹಾಗಿರ್ತದೆ."

ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ನಾನು ಹದಿನೈದು ಪುಟ ಗುಡುಗು ಮಿಂಚು ಹಾಕಿ ತರೋಕೆ ಒದ್ದಾಡಿದ್ದು ಅವರ ಈ ನಾಲ್ಕು ಮಾತಲ್ಲಿತ್ತು. ಎರಡನೇ ಕಥೆ ಈಗ ಮುಚ್ಚಿದ ಐಸ್ ಪ್ಲಾಂಟಿನಲ್ಲೇ ಶುರುವಾಗಬೇಕು. ಒಬ್ಬ ವಾಚ್‌ಮನ್, ಕಟ್ಟಿ ನಿಲ್ಲಿಸಿದ ಬೋಟುಗಳು. ಪ್ರತಿ ರಾತ್ರಿ ಎಣಿಸಿದಾಗ ಒಂದು ಬೋಟು ಜಾಸ್ತಿ.

"ಕೋಲಾರದಲ್ಲಿ ಕೂತು ಸಮುದ್ರದ ಕಥೆ ಯಾಕೆ?" ಅಂತ ತುಂಬ ಜನ ಕೇಳಿದ್ದಾರೆ. ಅದಕ್ಕೆ ಇವತ್ತು ಇಲ್ಲಿ ಸರಿಯಾಗಿ ಬರೆದಿಡಬೇಕು ಅನ್ನಿಸುತ್ತಿದೆ.

ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳಿವೆ, ಸಾವಿರಗಟ್ಟಲೆ. ನಾನು ಚಿಕ್ಕವಳಿದ್ದಾಗ ನಮ್ಮ ಹಳ್ಳಿಯ ಕೆರೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಬೋರ್ ಕೊರೆಸಿದರೆ 1,200 ಅಡಿಗೂ ಬರೀ ಧೂಳು ಬಂದದ್ದನ್ನು ನೋಡಿದ್ದೇನೆ. ಆ ಬಿಳಿ ಧೂಳಿನಲ್ಲಿ ಅಪ್ಪ ಟವೆಲ್ ಮುಖಕ್ಕೆ ಒತ್ತಿಕೊಂಡು ನಿಂತಿದ್ದು ಈಗಲೂ ಕಣ್ಣ ಮುಂದಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ಹರಿಸೋಕೆ ಶುರು ಮಾಡಿದರು. ಆಗ ಜನ ದಡದಲ್ಲಿ ಸುಮ್ನೆ ನಿಂತು ನೋಡುತ್ತಿದ್ದರು. ನೀರು ಅಂದರೆ ನಮಗೆ ಬೇಡಿಕೊಂಡು, ಕಾದು, ಸಾಲ ಮಾಡಿ ಕರೆಸಬೇಕಾದ್ದು. ಅತ್ತಿಗೆಯ ಮದುವೆಗೆ ಹೋದಾಗ ಮೊದಲ ಸಲ ಕಡಲು ನೋಡಿದೆ. ಯಾರೂ ಕರೆಯದಿದ್ದರೂ ಅದು ದಡಕ್ಕೆ ಬರುತ್ತಲೇ ಇತ್ತು. ನನಗೆ ಖುಷಿಯಾಗಲಿಲ್ಲ, ಭಯವಾಯಿತು. ಆ ಭಯ ಇನ್ನೂ ಹೋಗಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣ ಕೆಜಿಎಫ್.

ನಮ್ಮ ತಾತ ಅಲ್ಲಿ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಕೆಳಗೆ ಇಳಿದವರಲ್ಲ. ಇಳಿಯುವವರು ಟೋಕನ್ ತಗೊಂಡು ಹೋಗಬೇಕು, ಮೇಲೆ ಬಂದು ವಾಪಸ್ ಕೊಡಬೇಕು. ಶಿಫ್ಟ್ ಮುಗಿದ ಮೇಲೆ ಟೋಕನ್ ಎಣಿಸುವುದು ತಾತನ ಕೆಲಸ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅದಿರು ತೆಗೆದಷ್ಟೂ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಡೆಯದಾದಾಗ ಬಂಡೆ ಸಿಡಿಯುತ್ತದೆ. ರಾಕ್ ಬರ್ಸ್ಟ್ ಅನ್ನುತ್ತಾರೆ, ಹಳಬರ ಬಾಯಲ್ಲಿ ಅದು ಏರ್ ಬ್ಲಾಸ್ಟ್. ಮೇಲೆ ಕಾಲೋನಿಯಲ್ಲಿ ನೆಲ ನಡುಗಿ ಗೂಡಿನಲ್ಲಿದ್ದ ಲೋಟಗಳು ಸದ್ದು ಮಾಡುತ್ತಿದ್ದವಂತೆ. ಅಜ್ಜಿ ಒಲೆ ಆರಿಸಿ ಹೊರಗೆ ಬರುತ್ತಿದ್ದರು. ಎಲ್ಲ ಮನೆಯ ಹೆಂಗಸರೂ ಹೊರಗೆ. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಜನರನ್ನು ಇಳಿಸಿ ಹತ್ತಿಸುವ ಶಾಫ್ಟಿನ ಮೇಲಿನ ಚಕ್ರದ ಕಡೆ.

"ಆಮೇಲೆ ನೀವು ಏನು ಮಾಡ್ತಿದ್ರಿ ತಾತ?" ಅಂತ ಕೇಳುತ್ತಿದ್ದೆ.

"ಎಣಿಸ್ತಿದ್ದೆ ಕಣಮ್ಮ. ಇನ್ನೇನು ಮಾಡೋದು, ಎಣಿಸ್ತಿದ್ದೆ."

ಒಂದು ಕಡಿಮೆ ಬಂದರೆ ಏನು ಮಾಡಬೇಕು ಅಂತ ತಾತನಿಗೆ ಗೊತ್ತಿತ್ತು. ಒಂದು ಜಾಸ್ತಿ ಬಂದರೆ? ಈ ಪ್ರಶ್ನೆ ನನಗೆ ತಾತ ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಒಂದು ರಾತ್ರಿ ನಿದ್ದೆ ಬಾರದೆ ಬಿದ್ದುಕೊಂಡಿದ್ದಾಗ ಬಂತು. ಮೂರೂ ಕಥೆಗಳನ್ನು ಕಟ್ಟಿರುವ ದಾರ ಇದೇ. ಮೊದಲನೆಯದರಲ್ಲಿ ಬಲೆ ಎಳೆಯುವವರಲ್ಲಿ ಒಬ್ಬ ಜಾಸ್ತಿ. ಎರಡನೆಯದರಲ್ಲಿ ಬೋಟು. ಮೂರನೆಯದರಲ್ಲಿ ಕಡಲ್ಕೊರೆತಕ್ಕೆ ಅಕ್ಕಪಕ್ಕದ ಮನೆಗಳೆಲ್ಲ ಹೋಗಿ ಉಳಿದ ಒಂದೇ ಮನೆ, ಅದರ ಹಿಂಬಾಗಿಲಲ್ಲಿ ಒಂದು ಜೊತೆ ಒದ್ದೆ ಚಪ್ಪಲಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತವು. ಆಮೇಲೆ ಸುರಂಗಗಳಲ್ಲೆಲ್ಲ ನೀರು ತುಂಬಿಕೊಂಡಿತು. ಹನಿ ನೀರಿಗೆ ಒದ್ದಾಡುವ ನಮ್ಮ ಜಿಲ್ಲೆಯ ಕೆಳಗೆ, ಕತ್ತಲಲ್ಲಿ, ಅಷ್ಟು ಆಳದ ನೀರು ನಿಂತಿದೆ. ಕಡಲ ಬಗ್ಗೆ ಬರೆಯುವಾಗ ನಾನು ಕಣ್ಣು ಮುಚ್ಚಿದರೆ ಕಾಣುವುದು ಆ ನೀರು. ಅನ್ನ ಕೊಡುತ್ತದೆ, ಒಳಗೇನಿದೆ ಅಂತ ತೋರಿಸುವುದಿಲ್ಲ, ಆಗಾಗ ಯಾರನ್ನೋ ಇಟ್ಟುಕೊಳ್ಳುತ್ತದೆ. ಮೀನುಗಾರರ ಊರೂ ಗಣಿಯ ಊರೂ ಇದರ ದಡದಲ್ಲೇ ಬದುಕೋದು ಅಲ್ವಾ.

ಅತ್ತಿಗೆ ಮಡಚಿದ್ದ ಎರಡನೇ ಮೂಲೆಯಲ್ಲಿ ಒಂದು ದೈವದ ಗುಡಿ ಇತ್ತು. ಅದರೊಳಗಿಂದ ರಾತ್ರಿ ಏನೋ ಹೊರಗೆ ಬರುತ್ತದೆ ಅಂತ ಬರೆದಿದ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ದೈವವನ್ನು ದೆವ್ವ ಮಾಡ್ಬೇಡ. ನಮಗೆ ಕಷ್ಟ ಬಂದಾಗ ಹೇಳಿಕೊಳ್ಳುವುದು ಅಲ್ಲಿಯೇ" ಅಂದರು. ಕೋಲಾರಮ್ಮನ ಗುಡಿಯ ಚೇಳಮ್ಮ ನೆನಪಾದಳು. ಹೊರಗಿನವರು ಯಾರಾದರೂ ಚೇಳಿನ ದೇವತೆ ಅಂತ ಅವಳನ್ನು ದೆವ್ವದ ಕಥೆಗೆ ಹಾಕಿದ್ದರೆ ನನಗೆ ಎಷ್ಟು ನೋವಾಗುತ್ತಿತ್ತು! ಚೇಳು ಕಚ್ಚದಿರಲಿ ಅಂತ ಅಮ್ಮ ನಮ್ಮ ಹೆಸರಲ್ಲಿ ಅಲ್ಲಿನ ಹುಂಡಿಗೆ ಕಾಸು ಹಾಕುತ್ತಿದ್ದಳು. ಆ ಎಂಟು ಪುಟ ತೆಗೆದುಹಾಕಿದೆ. ಒಂದು ಊರಿನ ನಂಬಿಕೆಯನ್ನು ಹೆದರಿಸೋಕೆ ಬಳಸುವುದು ತಪ್ಪು. ಹೆದರಿಕೆ ಬೇರೆ ಕಡೆಯಿಂದ ತರಬೇಕು.

ಎಲ್ಲಿಂದ ಅಂತಲೂ ಅತ್ತಿಗೆಯೇ ತೋರಿಸಿದರು. ಮೂರನೇ ಕಥೆಯಲ್ಲಿ ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಯಾರೋ ಬಾಗಿಲು ತಟ್ಟುತ್ತಾರೆ. "ಕಡಲಿಗೆ ಗಡಿಯಾರದ ಹನ್ನೆರಡು ಎಂತಕ್ಕೆ? ಅದಕ್ಕೆ ಅದರದ್ದೇ ಲೆಕ್ಕ ಉಂಟಲ್ಲ" ಅಂದರು. ಚಂದ್ರ ದಿನಾ ತಡವಾಗಿ ಹುಟ್ಟುವ ಹಾಗೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ರಾತ್ರಿ ಒಂಬತ್ತಕ್ಕೆ ಬಂದರೆ ನಾಳೆ ಒಂಬತ್ತು ಐವತ್ತಕ್ಕೆ, ನಾಡಿದ್ದು ಹತ್ತು ನಲವತ್ತಕ್ಕೆ. ಬಾಗಿಲು ತಟ್ಟುವುದೂ ಹಾಗೇ ಆಗಲಿ. ಮನೆಯೊಡತಿ ದಿನಾ ಬೇರೆ ಹೊತ್ತು ಅಂದುಕೊಳ್ಳುತ್ತಾಳೆ. ಓದುವವರಲ್ಲಿ ಯಾರೋ ಒಬ್ಬರು ನಾಲ್ಕನೇ ರಾತ್ರಿಗೆ ಅವಳಿಗಿಂತ ಮೊದಲು ಲೆಕ್ಕ ಹಿಡಿಯುತ್ತಾರೆ. ಉಬ್ಬರ ದಿನಕ್ಕೆ ಎರಡು ಸಲ. ಅಂದರೆ ಹಗಲಲ್ಲೂ ತಟ್ಟುತ್ತಿದೆ, ಸದ್ದುಗದ್ದಲದಲ್ಲಿ ಅವಳಿಗೆ ಕೇಳಿಸಿಲ್ಲ. ಇದು ಹೊಳೆದಾಗ ನನ್ನ ಮೈಯೇ ಜುಮ್ಮೆಂದಿತು.

90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ ಅಂತ ನಂಬಿಕೆ. ನಮ್ಮ ಮನೆಯದನ್ನು ಅಳಿಸಿದ ಹಾಗೆಲ್ಲ ತಿದ್ದಿ ಬರೆಯುವ ಕೆಲಸ ನನ್ನದಾಗಿತ್ತು. ಆ ದೆವ್ವಕ್ಕೆ ಓದೋಕೆ ಬರುತ್ತಿತ್ತು. ಕಡಲಿಗೆ ಬರುವುದಿಲ್ಲ.

ಮೂರನೇ ಮೂಲೆ ಕೈರಂಪಣಿಯದು, ಅಂದರೆ ದಡಕ್ಕೆ ಎಳೆಯುವ ರಂಪಣಿ ಬಲೆಯ ಸಣ್ಣ ರೂಪ. ಬಲೆಯ ಒಂದು ತುದಿ ದಡದಲ್ಲೇ ಇರುತ್ತದೆ. ದೋಣಿ ಬಲೆ ಇಳಿಸುತ್ತಾ ಅರ್ಧ ಸುತ್ತು ಹೋಗಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡೂ ಕಡೆ ಜನ ನಿಂತು ಎಳೆಯುತ್ತಾರೆ. ಇದಿಷ್ಟನ್ನು ಸರಿಯಾಗಿ ಬರೆದಿದ್ದೆ. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದು ದೊಡ್ಡ ರಂಪಣಿಗಳು ಮೂಲೆಗೆ ಸೇರಿದವು. ನನ್ನ ಮೊದಲ ಕಥೆ ನಡೆಯುವುದು ಆಗಲೇ. ಆದರೆ ಎಳೆಯುತ್ತಿರುವಾಗ ಒಬ್ಬ ಹುಡುಗ ಜನರನ್ನು ಎಣಿಸುತ್ತಾನೆ ಅಂತ ಬರೆದಿದ್ದೆ. ಅತ್ತಿಗೆಗೆ ಅದು ಒಪ್ಪಿಗೆಯಾಗಲಿಲ್ಲ. ಊರಿಗೆ ಫೋನ್ ಹಚ್ಚಿ ಅವರ ಅಪ್ಪಯ್ಯನನ್ನೇ ಕೇಳಿದರು. ಸ್ಪೀಕರಿನಲ್ಲಿ ದನಿ ಬಂತು. "ಎಳೆಯುವಾಗ ಯಾರು ಮಾರಾಯ್ತಿ ತಲೆ ಎಣಿಸುದು? ಬಲೆ ಮೇಲೆ ಕಣ್ಣಿರ್ತದೆ. ಪಾಲು ಹಾಕುವಾಗ ಗೊತ್ತಾಗ್ತದೆ, ಎಷ್ಟು ಜನ ಅಂತ."

ಹನ್ನೆರಡು ಗಂಟೆಗೆ ಅತ್ತಿಗೆ ಎದ್ದರು. ಹಿತಕಿದ ಬೇಳೆ ಸಾರು ಡಬ್ಬಿಗೆ ಹಾಕಿ ಕೊಟ್ಟೆ. ಅವರು ಹೋದಾಗಿನಿಂದ ಬರೆಯುತ್ತಾ ಕೂತಿದ್ದೇನೆ. ಈಗ ರಾತ್ರಿ ಹನ್ನೊಂದೂವರೆ. ಮೊದಲ ಕಥೆಯ ಕೊನೆಯ ಪುಟ ಬದಲಾಗಿದೆ.

ಎಳೆದವರು ಇಪ್ಪತ್ತು ಜನ ಅಂತ ಮುದುಕ ಮರಳ ಮೇಲೆ ಇಪ್ಪತ್ತು ಪಾಲು ಹಾಕುತ್ತಾನೆ. ಬಂಗುಡೆ, ಒಂದಿಷ್ಟು ಸಿಗಡಿ. ಒಬ್ಬೊಬ್ಬರೇ ತಮ್ಮದನ್ನು ಬುಟ್ಟಿಗೆ ತುಂಬಿಕೊಂಡು ಹೊರಡುತ್ತಾರೆ. ಹತ್ತೊಂಬತ್ತು ಜನ ಹೋದ ಮೇಲೆ ದಡದಲ್ಲಿ ಯಾರೂ ಇಲ್ಲ, ಒಂದು ಪಾಲು ಉಳಿದಿದೆ. ಮುದುಕ ಅದನ್ನು ಮುಟ್ಟದೆ ಮನೆಗೆ ಹೋಗುತ್ತಾನೆ. ಬೆಳಗ್ಗೆ ಬಂದು ನೋಡಿದರೆ ಮೀನಿಲ್ಲ. ರಾತ್ರಿ ನೀರು ಅಲ್ಲಿಯವರೆಗೆ ಏರಿರಲಿಲ್ಲ. ಕಾಗೆ, ನಾಯಿಯ ಗುರುತೂ ಇಲ್ಲ. ಆ ಜಾಗದಲ್ಲಿ ಮರಳನ್ನು ಯಾರೋ ಅಂಗೈಯಲ್ಲಿ ಸವರಿ ಸಮ ಮಾಡಿದ್ದಾರೆ.