ಇಗ್ಗುತ್ತಪ್ಪನಿಗೆ ನಮ್ಮ ಗದ್ದೆಯ ಅಕ್ಕಿ

ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲ ಎನ್ನುವ ಗಾದೆ ಬಯಲುಸೀಮೆಯಲ್ಲಿ ಹುಟ್ಟಿದ್ದಿರಬೇಕು. ಕೊಡಗಿನಲ್ಲಿ ಅದರ ಮೊದಲರ್ಧವನ್ನು ಮಾತ್ರ ಧೈರ್ಯವಾಗಿ ಹೇಳಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಬಂದದ್ದನ್ನು, ಮರುವರ್ಷ ತೋರ, ಕೋರಂಗಾಲಗಳಲ್ಲಿ ಮನೆಮಂದಿ ಮಣ್ಣಿನಡಿ ಹೋದದ್ದನ್ನು, 2020ರಲ್ಲಿ ತಲಕಾವೇರಿಯ ಅರ್ಚಕರ ಮನೆಯನ್ನೇ ಬೆಟ್ಟ ನುಂಗಿದ್ದನ್ನು ಕಂಡವರು ಮಳೆ ಬರಲಿ ಎಂದು ಬಾಯಿಬಿಟ್ಟು ಕೇಳಲು ಹಿಂದೆಮುಂದೆ ನೋಡುತ್ತಾರೆ. ಹಾಗಂತ ಬೇಡ ಎನ್ನಲೂ ಆಗದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳದಿದ್ದರೆ ಕಾಫಿ ಮೊಗ್ಗು ಗಿಡದಲ್ಲೇ ಕರಕಲಾಗುತ್ತದೆ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಿದ್ದರೆ ಕಣದಲ್ಲಿ ಹರವಿದ ಕಾಫಿಗೆ ಬೂಸ್ಟು ಹಿಡಿಯುತ್ತದೆ, ಗದ್ದೆಯಲ್ಲಿ ಮಲಗಿದ ತೆನೆ ಮೊಳಕೆ ಒಡೆಯುತ್ತದೆ. ಬೇಕು, ಆದರೆ ಇಷ್ಟೇ ಬೇಕು, ಇಂಥ ಹೊತ್ತಿಗೇ ಬೇಕು. ಇಷ್ಟೊಂದು ಕರಾರಿರುವ ಬೇಡಿಕೆಯನ್ನು ಯಾವ ದೇವರ ಮುಂದೆ ಇಡುವುದು? ಕೊಡಗಿನವರಿಗೆ ಆ ಗೊಂದಲವಿಲ್ಲ. ಕಕ್ಕಬ್ಬೆಯ ಇಗ್ಗುತ್ತಪ್ಪನ ಬಳಿಗೆ ಹೋಗುತ್ತಾರೆ.

ಹೊರಗಿನವರಿಗೆ ಕಕ್ಕಬ್ಬೆ ಎಂದರೆ ತಡಿಯಂಡಮೋಳ್. 1748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಬೆಟ್ಟ. ವಾರಾಂತ್ಯಕ್ಕೆ ಬ್ಯಾಗು ಬೆನ್ನಿಗೆ ಹಾಕಿಕೊಂಡು ಬಂದವರು ಹೋಂಸ್ಟೇಯಲ್ಲಿ ಮಲಗಿ, ಬೆಳಿಗ್ಗೆ ಬೆಟ್ಟ ಹತ್ತಿ, ದಾರಿಯಲ್ಲಿ ಸಿಗುವ ನಾಲ್ಕುನಾಡು ಅರಮನೆಯ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಹೋಗುತ್ತಾರೆ. ಆ ಅರಮನೆ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಹಾಲೇರಿ ವಂಶದ ಕೊನೆಯ ದೊರೆ ಚಿಕ್ಕವೀರರಾಜೇಂದ್ರ 1834ರಲ್ಲಿ ಇಂಗ್ಲಿಷರ ಕೈಗೆ ಸಿಗುವ ಮೊದಲು ಅಡಗಿ ಕೂತದ್ದೂ ಅಲ್ಲೇ. ಇಷ್ಟು ಹೇಳಿದರೆ ಪ್ರವಾಸಿ ಪುಸ್ತಕದ ಕಕ್ಕಬ್ಬೆ ಮುಗಿಯಿತು. ಊರೆಂದರೂ ಒಂದು ಸಣ್ಣ ಪೇಟೆ, ನಾಲ್ಕಾರು ಅಂಗಡಿ, ಪಡಿತರದ ಸಾಲು, ನಾಪೋಕ್ಲಿನ ಕಡೆಯಿಂದ ಏದುಸಿರು ಬಿಡುತ್ತಾ ಬರುವ ಬಸ್ಸು. ಸುತ್ತಲಿನ ಯವಕಪಾಡಿ, ಕುಂಜಿಲಗಳೂ ಹಾಗೇ ತೋಟದೊಳಗೆ ಮುಳುಗಿದ ಊರುಗಳು. ಹಿಂದೆ ಇಲ್ಲಿನ ಜೇನಿಗೆ ದೂರದೂರದ ತನಕ ಹೆಸರಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಪೆಟ್ಟಿಗೆಗಳೆಲ್ಲ ಬರಿದಾದವು. ಈಗ ಮತ್ತೆ ಸಾಕುವವರಿದ್ದಾರೆ, ಆದರೆ ಹಳಬರಿಗೆ ಆ ಕಾಲದ ಲೆಕ್ಕವೇ ಬೇರೆ.

ಪಾಡಿ ಇಗ್ಗುತ್ತಪ್ಪನ ದೇವಸ್ಥಾನ ಈ ಪೇಟೆಯಿಂದ ಮೇಲಕ್ಕೆ, ಮಲ್ಮ ಬೆಟ್ಟದ ಬುಡದಲ್ಲಿ. ಈಗಿರುವ ಗುಡಿಯನ್ನು 1810ರಲ್ಲಿ ಕಟ್ಟಿಸಿದ್ದು ಲಿಂಗರಾಜೇಂದ್ರ ಎನ್ನುತ್ತದೆ ಚರಿತ್ರೆ. ಲಿಂಗಾಯತ ದೊರೆ, ಕೊಡವರ ದೇವರು. ದೇವರು ಮಾತ್ರ ಗುಡಿಗಿಂತ ಎಷ್ಟೋ ಹಿಂದಿನವನು. ಕತೆಯ ಪ್ರಕಾರ ಅಣ್ಣತಮ್ಮಂದಿರು ಆರು ಮಂದಿ, ಜೊತೆಗೊಬ್ಬಳು ತಂಗಿ, ಕೇರಳದ ಕಡೆಯಿಂದ ಬಂದವರು. ಮೂವರು ಅತ್ತಲೇ ನಿಂತರು. ಪೆಮ್ಮಯ್ಯ ವಯನಾಡಿನ ತಿರುನೆಲ್ಲಿಗೆ ಹೋದ. ಪಾಲೂರಪ್ಪ ಪಾಲೂರಿನಲ್ಲಿ ನೆಲೆಯಾದ. ಇಗ್ಗುತ್ತಪ್ಪ ಮಲ್ಮವನ್ನು ಆರಿಸಿಕೊಂಡ. ತಂಗಿ ಪೊನ್ನಂಗಾಲತಮ್ಮೆಯೂ ಅಣ್ಣನಿಗೆ ಹತ್ತಿರದಲ್ಲೇ ಇದ್ದಾಳೆ. ದೇವರುಗಳಿಗೂ ಒಡಹುಟ್ಟಿದವರು ಹೀಗೆ ಊರೂರಿಗೆ ಚದುರಿಹೋದ ಸಂಸಾರ ಇರುವುದು ನನಗೆ ಬಹಳ ಹಿಡಿಸುತ್ತದೆ. ಮಕ್ಕಳೆಲ್ಲ ಬೆಂಗಳೂರು, ದುಬೈ ಎಂದು ಹೋದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ದೀಪ ಹಚ್ಚುವ ಅಜ್ಜಿಯಂದಿರು ಈ ಕತೆಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ಮಳೆ ಬೆಳೆ ಎರಡೂ ಅವನ ಖಾತೆ. ಕೊಡಗಿನ ಹಬ್ಬಗಳನ್ನು ಒಂದೊಂದಾಗಿ ಎಣಿಸಿ ನೋಡಿ, ಎಲ್ಲ ಗದ್ದೆಯ ಸುತ್ತಲೇ ತಿರುಗುತ್ತವೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಾಟಿ. ನಾಟಿ ಮುಗಿದ ಮೇಲೆ ನೇಗಿಲು, ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತ. ತುಲಾ ಸಂಕ್ರಮಣಕ್ಕೆ ಕಾವೇರಮ್ಮನ ತೀರ್ಥ. ಆಮೇಲೆ ತೆನೆ ಬಲಿತಾಗ ಸುಗ್ಗಿಯ ಹಬ್ಬ ಹುತ್ತರಿ. ಆ ಹುತ್ತರಿಯ ದಿನ ಯಾವುದು ಎಂದು ಗೊತ್ತಾಗುವುದು ಇಗ್ಗುತ್ತಪ್ಪನ ಸನ್ನಿಧಿಯಲ್ಲೇ. ಅಮ್ಮಂಗೇರಿಯ ಜ್ಯೋತಿಷಿಗಳು ತಕ್ಕಮುಖ್ಯಸ್ಥರ ಎದುರು ಕೂತು ಹುಣ್ಣಿಮೆ, ರೋಹಿಣಿ ಎಲ್ಲ ನೋಡಿ ಹೇಳಬೇಕು. ದಿನ ಒಂದೇ ಅಲ್ಲ, ಗಳಿಗೆಗಳೂ ನಿಗದಿಯಾಗುತ್ತವೆ: ನೆರೆ ಎಂದು ಎಲೆಗಳ ಕಟ್ಟು ಕಟ್ಟುವುದಕ್ಕೆ ಒಂದು, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ಮೊದಲು ದೇವಸ್ಥಾನದಲ್ಲಿ, ಸ್ವಲ್ಪ ಹೊತ್ತು ಕಳೆದು ನಾಡಿನ ಮನೆಗಳಲ್ಲಿ. ಮರುದಿನ ಪತ್ರಿಕೆಯಲ್ಲಿ ಈ ಸಮಯಗಳು ಬಂದದ್ದೇ ತಡ, ಕೊಡಗಿನ ಮನೆಮನೆಯ ಫೋನು ಅದನ್ನೇ ಹೇಳುತ್ತದೆ. ಮುಹೂರ್ತಕ್ಕೆ ಸರಿಯಾಗಿ ಕೋವಿ ಸದ್ದು, 'ಪೊಲಿ ಪೊಲಿ ದೇವಾ' ಎಂಬ ಕೂಗು, ಬೆಳದಿಂಗಳಲ್ಲಿ ಕುಡುಗೋಲು. ಕೊಡವರಲ್ಲದ, ನಮ್ಮಂಥ ಅರೆಭಾಷೆ ಗೌಡರ ಮನೆಗಳಲ್ಲೂ ಹುತ್ತರಿಯೆಂದರೆ ಅಷ್ಟೇ ಸಡಗರ.

ಇಷ್ಟೆಲ್ಲ ಸರಿ. ಆದರೆ ಕದಿರು ತೆಗೆಯಲು ಗದ್ದೆ ಇರಬೇಕಲ್ಲ.

ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ಮಾತು. ಕೊಡಗಿನ ಹಳೆಯ ಭೂಮಿ ವ್ಯವಸ್ಥೆಯಲ್ಲಿ ಗದ್ದೆಯೇ ಮುಖ್ಯ. ಅದರ ಮೇಲಿನ ಬಾಣೆಯನ್ನು, ಅಂದರೆ ಮರಗಳಿರುವ ಗುಡ್ಡದ ಜಾಗವನ್ನು, ಕೊಟ್ಟದ್ದೇ ಗದ್ದೆಗೆ ಸೊಪ್ಪು ಬೇಕು, ದನಕ್ಕೆ ಮೇವು ಬೇಕು, ಒಲೆಗೆ ಸೌದೆ ಬೇಕು ಎಂದು. ಈಗ ಬಾಣೆ ತುಂಬ ಕಾಫಿ, ಕಾಳುಮೆಣಸು. ಗದ್ದೆ ಪಾಳು. ಕೂಲಿ ಗಿಟ್ಟುವುದಿಲ್ಲ, ಹಂದಿ ಬಿಡುವುದಿಲ್ಲ, ಆನೆ ಬಂದರೆ ಒಂದೇ ರಾತ್ರಿ. ಯಾರನ್ನೂ ದೂರುವಂತಿಲ್ಲ. ಹುತ್ತರಿಯ ರಾತ್ರಿ ಎಷ್ಟೋ ಜನ ಪಕ್ಕದವರ ಗದ್ದೆಗೆ ಹೋಗಿ ಒಂದು ಹಿಡಿ ಕದಿರು ಕೇಳಿ ತರುತ್ತಾರೆ. ಪೇಟೆಯಲ್ಲಿರುವವರು ಎಲ್ಲರೂ ಕೂಡಿ ಒಂದೇ ಗದ್ದೆಯಿಂದ ತೆಗೆಯುತ್ತಾರೆ. ದೇವರಿಗೆ ಅದೂ ಸಲ್ಲುತ್ತದೆ, ಅನುಮಾನವಿಲ್ಲ. ಆದರೂ ಮಳೆಯನ್ನು ಕಾಫಿ ಹೂವಿಗೆ ಕೇಳಿ, ಪೂಜೆಯನ್ನು ಭತ್ತದಿಂದ ಮಾಡುವಾಗ ನನಗೆ ಸ್ವಲ್ಪ ಕಸಿವಿಸಿ.

ನನ್ನ ಕಸಿವಿಸಿಗೆ ಮನೆಯಲ್ಲಿ ಬೆಲೆ ಇರಲಿಲ್ಲ. ಅತ್ತೆಯ ಹರಕೆಗೆ ಇತ್ತು.

ನಮ್ಮ ನಾದಿನಿಯ ಮಗ ಒಂದು ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ. ಜ್ವರ ಇಳಿಯಲೊಲ್ಲದು. ನಮ್ಮದು ಚೇರಂಬಾಣೆಯ ಕಡೆ. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕಾವೇರಿ ಉಕ್ಕಿ ನಾಪೋಕ್ಲಿನ ಚೆರಿಯಪರಂಬು ರಸ್ತೆ ಮುಳುಗಿದೆ ಎಂಬ ಸುದ್ದಿ ಬೇರೆ. ಅತ್ತೆ ಜಗುಲಿಗೆ ಬಂದು ಮಲ್ಮ ಬೆಟ್ಟವಿರುವ ದಿಕ್ಕಿಗೆ ಕೈಮುಗಿದರು. ಮಂಜಿನಲ್ಲಿ ಎದುರಿನ ಹಲಸಿನ ಮರವೂ ಕಾಣುತ್ತಿರಲಿಲ್ಲ, ಬೆಟ್ಟ ಎಲ್ಲಿಂದ ಕಾಣಬೇಕು. ಮಗು ಮನೆಗೆ ಬಂದರೆ ಅಕ್ಕಿಯಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾಪೋಕ್ಲಿನ ಅಂಗಡಿಯಲ್ಲಿ ಒಂದು ಮೂಟೆ ಕೊಂಡು ಮುಗಿಸಬಹುದಿತ್ತು. "ನಮ್ಮ ಗದ್ದೆಯ ಅಕ್ಕಿಯಲ್ಲೇ" ಎಂದು ಸೇರಿಸಿಬಿಟ್ಟರು.

ನಮ್ಮ ಗದ್ದೆಯಲ್ಲಿ ಆಗ ಆಳೆತ್ತರದ ಹುಲ್ಲು.

ಹುಡುಗ ಗುಣವಾಗಿ ಮನೆಗೆ ಬಂದ. ಹರಕೆಯ ಸಾಲ ಉಳಿಯಿತು. ನನ್ನ ಗಂಡ ಉಪಾಯವಾಗಿ ಹೇಳಿ ನೋಡಿದರು: "ಅವ್ವಾ, ಅಕ್ಕಿ ಅಕ್ಕಿಯೇ ಅಲ್ವ? ದೇವರು ಬಿಲ್ಲು ಕೇಳ್ತಾನಾ?" ಅತ್ತೆ ಕಾಫಿ ಲೋಟ ಕೆಳಗಿಟ್ಟು, "ಕೇಳೋದಿಲ್ಲ. ಅದಕ್ಕೇ ನಾವೇ ಸರಿಯಾಗಿ ಕೊಡ್ಬೇಕು" ಎಂದರು. ಮುಂದಿನ ಮೇ ತಿಂಗಳು ಹುಲ್ಲು ಸವರಿಸಿ, ಕುಸಿದ ಏರಿ ಕಟ್ಟಿಸಿ, ಟಿಲ್ಲರ್ ಇಳಿಸಿದೆವು. ತೋಡಿಗೆ ಹತ್ತಿರದ ಮೇಲಿನ ಮಡಿಗಳು ಮಾತ್ರ. ಬಿತ್ತನೆಗೆ ಇಂಟಾನ್ ಭತ್ತ ತಂದದ್ದು ಪಕ್ಕದ ಮನೆಯಿಂದ. ನಾಟಿಗೆ ಬಂದವರು ತೋಟದ ಲೈನ್‌ಮನೆಯಲ್ಲಿರುವ ಅಸ್ಸಾಮಿನ ಹೆಂಗಸರು. ಅವರಿಗೆ ನಾಟಿ ಕಲಿಸಬೇಕಾದೀತು ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಕೆಸರಿಗೆ ಇಳಿದರು. ಆ ಹೆಂಗಸರು ಬೆನ್ನು ಬಗ್ಗಿಸಿ, ಎಡಗೈಯಲ್ಲಿ ಅಗೆಯ ಕಟ್ಟು ಹಿಡಿದು, ಬಲಗೈ ಹೆಬ್ಬೆರಳಿನಿಂದ ಒತ್ತುತ್ತಾ ಗೆರೆ ಎಳೆದಂತೆ ಹಿಂದೆ ಹಿಂದೆ ಹೋದದ್ದನ್ನು ನೋಡಿ ಮಾತಿಲ್ಲದೆ ಏರಿಯ ಮೇಲೆ ಕೂತರು. ಅವರದೂ ಅಕ್ಕಿಯ ನಾಡೇ ತಾನೆ. ಸಂಜೆ ಹೊರಟಾಗ ಅವರಲ್ಲೊಬ್ಬಳು ಗದ್ದೆಯ ನೀರು ಹಣೆಗೆ ಮುಟ್ಟಿಸಿಕೊಂಡಳು. ಯಾವ ದೇವರನ್ನು ನೆನೆದಳೋ, ನಾವು ಕೇಳಲಿಲ್ಲ.

ಆ ಮಳೆಗಾಲ ಪೂರ್ತಿ ನಾನು ಮಳೆಯನ್ನು ಬೇರೆ ಥರ ನೋಡಿದೆ. ಅಲ್ಲಿಯವರೆಗೆ ಮಳೆ ಎಂದರೆ ಕರೆಂಟು ಹೋಗುವುದು, ಬಟ್ಟೆ ಒಣಗದಿರುವುದು, ಗುಡ್ಡದ ಕಡೆಗೊಂದು ಭಯದ ಕಣ್ಣು. ಈಗ ಬೆಳಿಗ್ಗೆ ಎದ್ದ ಕೂಡಲೇ ಮಡಿಯಲ್ಲಿ ನೀರೆಷ್ಟಿದೆ ಎಂಬ ಚಿಂತೆ. ಹೆಚ್ಚಾದರೆ ಏರಿ ಒಡೆದು ಬಿಡಬೇಕು, ಕಡಿಮೆಯಾದರೆ ತೋಡಿನಿಂದ ತಿರುಗಿಸಬೇಕು. ಇಗ್ಗುತ್ತಪ್ಪನನ್ನು ಹದವಾಗಿ ಕೊಡು ಎಂದು ಬೇಡುವುದರ ಅರ್ಥ ನನಗೆ ತಾಗಿದ್ದು ಹಾರೆ ಹಿಡಿದು ಆ ಏರಿಯ ಮೇಲೆ ನಿಂತಾಗ. ಅವನು ಆಕಾಶದಿಂದ ಎಷ್ಟು ಬಿಟ್ಟರೂ, ಮಡಿಯಲ್ಲಿ ಎಷ್ಟು ನಿಲ್ಲಬೇಕು ಎಂಬುದನ್ನು ನಮಗೇ ಬಿಟ್ಟಿದ್ದಾನೆ. ಗದ್ದೆ ಇದ್ದಾಗ ಆ ಊರಿನ ಇಳಿಜಾರಿನಲ್ಲೆಲ್ಲ ನೀರಿಗೆ ನಿಲ್ಲಲು ಒಂದೊಂದು ಜಾಗ ಇರುತ್ತಿತ್ತು. ಭಕ್ತಿ ಎನ್ನುವುದರಲ್ಲಿ ಈ ಏರಿ ಕಾಯುವ ಕೆಲಸವೂ ಸೇರಿತ್ತೆಂದು ನನಗನ್ನಿಸುತ್ತದೆ. ಅದನ್ನು ಬಿಟ್ಟು, ಪೂಜೆಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ಹಂದಿ ಒಂದು ಮೂಲೆ ತಿಂದಿತು. ಉಳಿದದ್ದು ಬಂತು. ಲೆಕ್ಕ ಹಾಕಿದರೆ ಆ ಅಕ್ಕಿಯ ಕಿಲೋ ಬೆಲೆ ಬಾಸುಮತಿಯನ್ನು ಮೀರಿತ್ತು. ಗಂಡ ಆ ಲೆಕ್ಕವನ್ನು ಅತ್ತೆಗೆ ತೋರಿಸಲಿಲ್ಲ, ಸಂಸಾರ ಬಲ್ಲವರು.

ತುಲಾಭಾರಕ್ಕೆ ಹೋದದ್ದು ಕಲ್ಲಾಡ್ಚ ಹಬ್ಬಕ್ಕೆ. ಮಾರ್ಚ್ ಹೊತ್ತಿಗೆ ಬರುವ ಇದು ಇಗ್ಗುತ್ತಪ್ಪನ ವರ್ಷದ ದೊಡ್ಡ ಹಬ್ಬ. ಎತ್ತು ಪೋರಾಟವೆಂದು ಎತ್ತುಗಳನ್ನು ಸಿಂಗರಿಸಿ, ಬೆನ್ನ ಮೇಲೆ ಅಕ್ಕಿ ಹೇರಿಕೊಂಡು ಬರುತ್ತಾರೆ. ಕುಪ್ಯ ಎಂಬ ನಿಲುವಂಗಿ, ಚೇಲೆ ಎಂಬ ನಡುಪಟ್ಟಿ ತೊಟ್ಟ ಗಂಡಸರು, ಕೊಡವ ಸೀರೆಯ ಹೆಂಗಸರು, ದುಡಿ, ಕೊಂಬು, ವಾಲಗ. ದೇವರು ತನ್ನ ಆದಿಸ್ಥಳವಾದ ಮಲ್ಮ ಬೆಟ್ಟಕ್ಕೆ ಹೋಗಿಬರುವುದೂ ಈ ಹಬ್ಬದಲ್ಲೇ. ಟ್ರ್ಯಾಕ್ಟರು ಟಿಲ್ಲರುಗಳ ಕಾಲದಲ್ಲಿ ಎತ್ತು ಎಲ್ಲಿಂದ ತರುತ್ತಾರೋ ಎಂದು ನಾನು ಅಂದುಕೊಳ್ಳುತ್ತಿದ್ದಂತೆ ಪಕ್ಕದಲ್ಲಿದ್ದ ಹಿರಿಯರು ತಾವಾಗಿಯೇ ಹೇಳಿದರು, "ಎತ್ತು ಸಾಕೋದು ಕಷ್ಟ ಮಾರಾಯ್ರೆ, ಆದ್ರೆ ದೇವ್ರಿಗೆ ಟಿಲ್ಲರ್ ಕರ್ಕೊಂಡು ಬರೋಕಾಗ್ತದಾ?"

ತಕ್ಕಡಿಯ ಒಂದು ತಟ್ಟೆಯಲ್ಲಿ ಹುಡುಗನನ್ನು ಕೂರಿಸಿದರು. ಕೂರುವ ತನಕ ಅಳು, ಕೂತ ಮೇಲೆ ಸರಪಳಿ ಹಿಡಿದು ಜೋಕಾಲಿ. ಅತ್ತೆ ಮೂಟೆಯ ಬಾಯಿ ಬಿಚ್ಚಿ ಸೇರಿನಲ್ಲಿ ಅಳೆಯುತ್ತಾ ಇನ್ನೊಂದು ತಟ್ಟೆಗೆ ಸುರಿದರು. ಗಿರಣಿಯಲ್ಲಿ ಪಾಲಿಶ್ ಬೇಡವೆಂದು ಹಟ ಹಿಡಿದು ಮಾಡಿಸಿದ ಅಕ್ಕಿ. ಕೆಂಪು ಗೆರೆ ಅಲ್ಲಲ್ಲಿ ಉಳಿದಿತ್ತು, ಒಂದೆರಡು ಭತ್ತದ ಕಾಳೂ ಇದ್ದವು. ಹರಕೆ ಹೊತ್ತಾಗ ಆಸ್ಪತ್ರೆಯಲ್ಲಿ ಕಡ್ಡಿಯಾಗಿದ್ದ ಹುಡುಗ ಅಷ್ಟರಲ್ಲಿ ಅಜ್ಜಿಯ ಮನೆಯ ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ತಿಂದು ತೂಕ ಏರಿಸಿಕೊಂಡಿದ್ದ. ಸೇರಿನ ಮೇಲೆ ಸೇರು ಬಿದ್ದರೂ ತಟ್ಟೆ ಏಳಲೊಲ್ಲದು. ಹಿಂದೆ ಸಾಲಿನಲ್ಲಿ ನಿಂತವರು ನಗತೊಡಗಿದರು. ಕೊನೆಗೆ ಮೂಟೆ ಕೊಡವಿ, ಮೇಲೊಂದು ತೆಂಗಿನಕಾಯಿ ಇಟ್ಟಾಗ ಮುಳ್ಳು ನೇರವಾಯಿತು. ಅತ್ತೆ ಕೈಮುಗಿದು ಏನು ಬೇಡಿದರೆಂದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಹುಡುಗನ ಮಾತು: "ಇನ್ನೊಂದ್ಸಲ."

ಮಧ್ಯಾಹ್ನ ಅನ್ನಪ್ರಸಾದಕ್ಕೆ ಕೂತೆವು. ಎಲೆಯ ಮೇಲೆ ಬಿದ್ದ ಅನ್ನದಲ್ಲಿ ಯಾರ್ಯಾರ ಹರಕೆ ಬೆರೆತಿತ್ತೋ. ಅಂಗಡಿಯ ಮೂಟೆಯದೂ ಇರಬಹುದು, ಯಾರದೋ ಕೊನೆಯ ಗದ್ದೆಯದೂ ಇರಬಹುದು. ಬೆಂದ ಮೇಲೆ ಬೇರೆ ಮಾಡಲಾಗದು, ಪಂಕ್ತಿಯಲ್ಲಿ ಕೂತವರನ್ನೂ ಅಷ್ಟೇ. ಬಡಿಸುವವರು ಎರಡನೇ ಸಲ ಬಂದಾಗ ಅತ್ತೆ ಬೇಡವೆನ್ನಲಿಲ್ಲ, ಎಂದೂ ಇಲ್ಲದವರು.

ಕಕ್ಕಬ್ಬೆಗೆ ಬರುವವರಿಗೆ ನಾನು ಹೇಳುವುದಿಷ್ಟು. ತಡಿಯಂಡಮೋಳ್ ಹತ್ತಿ, ಬೇಡ ಎನ್ನುವುದಿಲ್ಲ. ಆದರೆ ಬೆಟ್ಟದ ಕೆಸರು ಮೆತ್ತಿದ ಚಡ್ಡಿಯಲ್ಲೇ ದೇವಸ್ಥಾನಕ್ಕೆ ನುಗ್ಗಬೇಡಿ. ಹಬ್ಬದ ಮುಂಚೆ ಊರಿಗೆ ಕಟ್ಟು ಬಿದ್ದಿದ್ದರೆ, ಹೋಂಸ್ಟೇಯವರು ಮಾಂಸದಡುಗೆ ಇಲ್ಲವೆಂದರೆ ಮುಖ ಗಂಟಿಕ್ಕಬೇಡಿ. ಮರ ಕಡಿಯದೆ, ಬೇಟೆಯಾಡದೆ ಇರುವ ಈ ಕಟ್ಟು ಕೊಡಗಿನ ಊರುಗಳ ಹಳೆಯ ಶಿಸ್ತು. ಜಡಿಮಳೆಯಲ್ಲಿ ಬರುವುದಾದರೆ ರಸ್ತೆ ಕೇಳಿಕೊಂಡು ಬನ್ನಿ. ತುಲಾಭಾರ ಮಾಡಿಸುವವರು ಮಕ್ಕಳನ್ನು ಹರಕೆಯ ವರ್ಷವೇ ಕರೆತನ್ನಿ, ತಡವಾದಷ್ಟೂ ಮೂಟೆ ದೊಡ್ಡದಾಗುತ್ತದೆ.

ನಮ್ಮ ಮನೆಯಲ್ಲಿ ಈಗಿರುವ ಜಗಳ ಬೇರೆ. ಅತ್ತೆ ಬಿತ್ತನೆಗೆಂದು ಭತ್ತ ತೆಗೆದಿಟ್ಟಿದ್ದಾರೆ, ಕೆಳಗಿನ ಮಡಿಗಳಿಗೂ ಸಾಲುವಷ್ಟು. ಹರಕೆ ತೀರಿತಲ್ಲ ಎನ್ನುತ್ತಾರೆ ಗಂಡ. ಅದು ಹುಡುಗನದ್ದು, ಇದು ಗದ್ದೆಯದ್ದು ಎನ್ನುತ್ತಾರೆ ಅತ್ತೆ. ಹಂದಿಗೆ ಬೇಲಿ ಹಾಕಿಸುವುದಾದರೆ ನಾನು ಅತ್ತೆಯ ಕಡೆ ಎಂದಿದ್ದೇನೆ. ಬೇಲಿಯ ತಂತಿಯ ರೇಟು ಕೇಳಲು ಗಂಡ ನಾಪೋಕ್ಲಿಗೆ ಹೋಗಿದ್ದಾರೆ.