ಪಾರ್ಸಿಕ್ ಬೋಗದಾ ಹುಡುಕಿಕೊಂಡು

ಮುಂಬೈಯಲ್ಲಿ ನಾಲ್ಕು ದಿನ ಇದ್ದೆವು. ಗೇಟ್‌ವೇ, ಚೌಪಾಟಿ ಎಲ್ಲ ಆಯಿತು. ಆದರೆ ಊರಿಗೆ ಬಂದ ಮೇಲೂ ನನಗೆ ಕಾಡುತ್ತಿರುವುದು ಠಾಣೆ ಸ್ಟೇಷನ್ನಿನ ಆ ಒಂದು ಸಂಜೆ.

1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರಿನಿಂದ 34 ಕಿಲೋಮೀಟರ್ ಓಡಿ ದೇಶದ ಮೊದಲ ಪ್ಯಾಸೆಂಜರ್ ರೈಲು ಬಂದು ನಿಂತದ್ದು ಇದೇ ಠಾಣೆಗೆ. ನನ್ನ ಮಗಳಿಗೆ ಅದೆಲ್ಲ ಬೇಡ. ಅವಳಿಗೆ ಬೋಗದಾ, ಅಂದರೆ ಠಾಣೆ ದಾಟಿದ ಮೇಲೆ ಪಾರ್ಸಿಕ್ ಗುಡ್ಡದಲ್ಲಿರುವ ರೈಲು ಸುರಂಗ ನೋಡಬೇಕಿತ್ತು. ಬರುವಾಗ ನಿದ್ದೆಯಲ್ಲೇ ಅದನ್ನು ದಾಟಿಬಿಟ್ಟಿದ್ದೆವು.

ಕಾಕಾ ವಿಜಯಪುರ ಬಿಟ್ಟು ಠಾಣೆ ಆಚೆಯ ಡೊಂಬಿವಲಿ ಸೇರಿ ನಲವತ್ತು ವರ್ಷ. ಕೆಲಸಕ್ಕೆ ದಿನಾ ಫಾಸ್ಟ್ ಲೋಕಲ್‌ನಲ್ಲಿ, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲದ ಲೋಕಲ್ ರೈಲಿನಲ್ಲಿ ಓಡಾಡಿದವರು. 5ನೇ ಪ್ಲಾಟ್‌ಫಾರ್ಮ್ ತೋರಿಸಿ, "ಇಲ್ಲಿ ಕಾಲಿಡಾಕ ಜಾಗಾ ಇರ್ತಿದ್ದಿಲ್ಲ. 2024ರಾಗ 63 ತಾಸು ಈ ಹಳಿ ಮ್ಯಾಲ ಗಾಡಿ ಬಂದ್ ಮಾಡಿ ಅಗಲ ಮಾಡಿದ್ರು, ಛಲೋ ಆತು" ಎಂದರು.

"ಅಜ್ಜಾ, ಬೋಗದಾ ಯಾವಾಗ ಬರುತ್ತೆ?"

"ಈಗ ಲೋಕಲ್ ಆ ಬೋಗದಾದಾಗ ಹೋಗೂದಿಲ್ಲವ್ವಾ."

ನನಗೆ ಗೊತ್ತೇ ಇರಲಿಲ್ಲ. 1854ರ ಹಳೇ ಹಳಿ ಗುಡ್ಡ ಬಳಸಿಕೊಂಡು ಮುಂಬ್ರಾ ಕಡೆಯಿಂದ ಹೋಗುತ್ತಿತ್ತು. 1916ರಲ್ಲಿ ಗುಡ್ಡವನ್ನೇ ಕೊರೆದು 1.3 ಕಿಲೋಮೀಟರ್ ಸುರಂಗ ಮಾಡಿದರು. ಫಾಸ್ಟ್ ಲೋಕಲ್‌ಗಳೂ ಅದರೊಳಗೇ ಓಡಿದವು. 2022ರಲ್ಲಿ ಇನ್ನೆರಡು ಹಳಿ ಮುಗಿದ ಮೇಲೆ ಸುರಂಗ ಎಕ್ಸ್‌ಪ್ರೆಸ್ ಗಾಡಿಗಳ ಪಾಲಾಯಿತು. ಫಾಸ್ಟ್ ಲೋಕಲ್ ಮುಂಬ್ರಾ ಸುತ್ತಿ ಹೋಗುತ್ತದೆ.

"ಬೋಗದಾ ಬಂದ ಕೂಡ್ಲೇ ಹುಡುಗರು ಸಿಳ್ಳೆ ಹಾಕ್ತಿದ್ರು. ಗಾಡ್ಯಾಗ ಭಜನಿ ಮಾಡೋ ಮಂದಿ ತಾಳ ಇನ್ನೂ ಜೋರು ಬಡೀತಿದ್ರು. ಪೇಪರ್ ಓದಾಕ ಆಗೂದಿಲ್ಲಲ್ಲ, ನಾ ಚಷ್ಮಾ ತಗದು ಒರಸ್ಕೊಂತಿದ್ದೆ. ಒಂದು, ಎರಡು ಅಂತ ಎಣಿಸ್ತಿದ್ದೆ. ನೂರರೊಳಗ ಬೆಳಕು ಬರ್ತಿತ್ತು."

ಆ ಸಂಜೆ ನಾವು ಡೊಂಬಿವಲಿಗೆ ಲೋಕಲ್ ಹತ್ತಿದಾಗಲೂ ಹಾಗೇ ಆಯಿತು. ಮುಂದಿನ ಸ್ಟೇಷನ್ ಕಳವಾ ದಾಟುತ್ತಿದ್ದಂತೆ ಅವರ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಚಷ್ಮಾ ತೆಗೆದು ಅಂಗಿ ಅಂಚಿನಿಂದ ಒರೆಸಿದರು. ಹೊರಗೆ ಬೆಳಕು ಹಾಗೇ ಇತ್ತು. ಅವರು ಏನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಮಾತಿನಲ್ಲಿ ಮುಳುಗಿ ಬಾಗಿಲಿಗೆ ಬರುವುದು ತಡವಾಯಿತು. ಡೊಂಬಿವಲಿಯಲ್ಲಿ ಇಳಿಯಲು ಆಗಲೇ ಇಲ್ಲ. ಇನ್ನೂ ಮುಂದೆ ಕಲ್ಯಾಣದವರೆಗೆ ಹೋಗಿ ವಾಪಸ್ ಬಂದೆವು. ಮಗು ಆ ನೂಕಾಟದಲ್ಲಿ ಅತ್ತಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಹೋದರೂ, ಡೊಂಬಿವಲಿಗಿಂತ ಮುಂಚೆ ಸಿಗುವ ದಿವಾ ಸ್ಟೇಷನ್ ಬರುವ ಮೊದಲೇ ಬಾಗಿಲ ಹತ್ತಿರ ನಿಂತಿರಿ.

ಊರಿಗೆ ವಾಪಸ್ ಹೊರಡುವಾಗ ಕಲ್ಯಾಣದಲ್ಲಿ ಹತ್ತುವುದು ಸುಲಭವಿತ್ತು. ಆದರೂ ಬೋಗದಾಕ್ಕಾಗಿ ಠಾಣೆಗೇ ಬಂದು ಎಕ್ಸ್‌ಪ್ರೆಸ್ ಹಿಡಿದೆವು. ಗಾಡಿ ಗುಡ್ಡದೊಳಗೆ ನುಗ್ಗಿದಾಗ ಸದ್ದು ಒಮ್ಮೆಲೇ ದಪ್ಪವಾಯಿತು. ಮಗಳು ಕಿಟಕಿಗೆ ಮುಖ ಒತ್ತಿ ಎಣಿಸುತ್ತಾ ಕೂತಳು. ಹೊರಗೆ ಬಂದ ಮೇಲೆ ಕಾಕಾಗೆ ಫೋನ್ ಹಚ್ಚಿಕೊಟ್ಟೆ.

"ಎಷ್ಟಾತು?"

"ತೊಂಬತ್ತಾರು, ಅಜ್ಜಾ."

"ಹಾಂ, ಅಷ್ಟ ನೋಡು" ಎಂದರು ಕಾಕಾ.